ಒಂದೇ ಟಿವಿಯಲ್ಲಿ ಹಳೆಯ ವಿದೇಶಿ ಕ್ಲಾಸಿಕ್ಕೂ ಬೇಕು, ನಕ್ಕು ಹಗುರಾಗುವ ಸಿನಿಮಾನೂ ಬೇಕು. ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಮನೆಯಲ್ಲಿರೋದು 43 ಇಂಚಿನ ಒಂದೇ ಟಿವಿ. ನಿಮಗೆ ಜಪಾನಿನ ಹಳೆಯ ನಿರ್ದೇಶಕರಾದ ಕುರೊಸಾವಾ, ಒಝು ಅವರ ಸಿನಿಮಾ ನೋಡುವ ಆಸೆ. ಮನೆಯವರಿಗೆ ನಗಿಸುವ ಸಿನಿಮಾ ಬೇಕು, ನಿಮಗೂ ಅದು ಬೇಡವೇನಲ್ಲ. ಆದರೆ ಕ್ಲಾಸಿಕ್ ಹಾಕಿ ಕೂತ ಇಪ್ಪತ್ತೇ ನಿಮಿಷಕ್ಕೆ ಆಕಳಿಕೆ. ಸಬ್‌ಟೈಟಲ್ ಓದಿ ತಲೆ ಎತ್ತುವಷ್ಟರಲ್ಲಿ ದೃಶ್ಯ ಬದಲಾಗಿರುತ್ತೆ. "ನನಗೆ ಅಷ್ಟು ಅಭಿರುಚಿ ಇಲ್ಲವೇನೋ" ಅಂತ ಕೊನೆಯಲ್ಲಿ ಬರೆದಿದ್ದೀರಿ. ಅಭಿರುಚಿಯನ್ನು ಬೈಯುವ ಮೊದಲು ರಿಮೋಟ್ ಕೈಗೆ ತಗೊಳ್ಳಿ. ಹಳೆಯ ಸಿನಿಮಾ ಮನೆಯಲ್ಲಿ ಸಪ್ಪೆಯಾಗೋದು ಬಹಳ ಸಲ ಟಿವಿಯ ಸೆಟ್ಟಿಂಗ್‌ನಿಂದ, ಕೆಟ್ಟ ಪ್ರತಿಯಿಂದ, ಇಲ್ಲವೇ ತಪ್ಪು ಹೊತ್ತಿನಲ್ಲಿ ಹಾಕಿದ್ದರಿಂದ.

ಸಿನಿಮಾ ಅಂದರೆ ಸೆಕೆಂಡಿಗೆ 24 ಚಿತ್ರ. ಕ್ರಿಕೆಟ್ ನುಣುಪಾಗಿ ಕಾಣಲಿ ಅಂತ ಟಿವಿ ಆ ಚಿತ್ರಗಳ ನಡುವೆ ತಾನೇ ಊಹಿಸಿದ ಚಿತ್ರಗಳನ್ನು ತುರುಕುತ್ತೆ. ಎಲ್‌ಜಿಯಲ್ಲಿ ಇದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ. ಇದು ಆನ್ ಇದ್ದರೆ ಮಳೆಯಲ್ಲಿ ಕತ್ತಿ ಬೀಸುವ ಸಮುರಾಯ್ ಕೂಡ ಸಂಜೆ ಧಾರಾವಾಹಿಯ ಭಾವನ ಥರ ಕಾಣ್ತಾನೆ, ಕತ್ತಿಯ ಅಂಚಿನ ಸುತ್ತ ನೀರು ಕಲಕಿದ ಹಾಗೆ ಮಸುಕು ಬೇರೆ. ಪೂರ್ತಿ ಆಫ್ ಮಾಡಿ. ಕಾಮಿಡಿಗೂ ಆಫೇ ಇರಲಿ, ಅದಕ್ಕೂ ಇದರಿಂದ ಏನೂ ಲಾಭವಿಲ್ಲ.

ಆಮೇಲೆ ಪಿಕ್ಚರ್ ಮೋಡ್. "ವಿವಿಡ್" ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಕಣ್ಣು ಸೆಳೆಯೋದಕ್ಕೆ ಮಾಡಿದ್ದು. "ಸಿನಿಮಾ" ಅಥವಾ "ಮೂವಿ" ಆರಿಸಿ, "ಫಿಲ್ಮ್‌ಮೇಕರ್ ಮೋಡ್" ಇದ್ದರೆ ಇನ್ನೂ ಒಳ್ಳೇದು. ಕಲರ್ ಟೆಂಪರೇಚರ್ "ವಾರ್ಮ್". ಮೊದಲ ಎರಡು ದಿನ ಪರದೆಗೆ ಅರಿಶಿನ ನೀರು ಬಳಿದ ಹಾಗೆ ಅನ್ನಿಸುತ್ತೆ, ಮೂರನೇ ದಿನ ಹಳೇ ಸೆಟ್ಟಿಂಗೇ ನೀಲಿ ಅಂತ ಗೊತ್ತಾಗುತ್ತೆ. ಇದನ್ನು ಪರೀಕ್ಷಿಸೋಕೆ ಕಪ್ಪುಬಿಳುಪು ಸಿನಿಮಾಕ್ಕಿಂತ ಒಳ್ಳೆಯ ಸಾಧನ ಇಲ್ಲ. ಬಿಳಿ ಅಂಗಿ ತೊಟ್ಟವನ ಒಂದು ಫ್ರೇಮ್ ನಿಲ್ಲಿಸಿ ನೋಡಿ. ಅಂಗಿಯ ನೆರಳು ಬರೀ ಬೂದಿ ಬಣ್ಣದಲ್ಲಿರಬೇಕು. ನೀಲಿಯೋ ಹಸಿರೋ ಇಣುಕಿದರೆ ಟೆಂಪರೇಚರ್ ಇನ್ನೂ ಸರಿಯಾಗಿಲ್ಲ.

ಶಾರ್ಪ್‌ನೆಸ್ ಇಳಿಸಿ. ಹೆಚ್ಚಿನ ಟಿವಿಗಳಲ್ಲಿ ಸೊನ್ನೆಯ ಹತ್ತಿರ, ಸೋನಿಯಲ್ಲಿ ಮಾತ್ರ 50 ಅಂದರೆ ತಟಸ್ಥ. ಏರಿಸಿದರೆ ಫಿಲ್ಮಿನ ಸಹಜ ಗ್ರೇನ್ (ಸಣ್ಣ ಕಣಗಳು) ಇರುವೆ ಹರಿದ ಹಾಗೆ ಕಾಣುತ್ತೆ. ಅದನ್ನು ಅಡಗಿಸೋಕೆ ಹೋಗಿ ನಾಯ್ಸ್ ರಿಡಕ್ಷನ್ ಹಾಕಿದರೆ ಮುಖಗಳು ಮೇಣದ ಗೊಂಬೆ. ಎರಡೂ ಬೇಡ. ಒಂದು ಎಚ್ಚರಿಕೆ: ಈ ಸೆಟ್ಟಿಂಗ್‌ಗಳು ಆ್ಯಪ್‌ಗೊಂದು, ಎಚ್‌ಡಿಎಂಐ ಪೋರ್ಟಿಗೊಂದು, ಎಚ್‌ಡಿಆರ್‌ಗೊಂದು (ಹೊಳಪು ಹೆಚ್ಚಿರುವ ಹೊಸ ಬಗೆಯ ಚಿತ್ರ) ಅಂತ ಬೇರೆಬೇರೆ ಉಳಿಯಬಹುದು. "ನಿನ್ನೆ ತಾನೇ ಆಫ್ ಮಾಡಿದ್ದೆನಲ್ಲ" ಅನ್ನಿಸಿದರೆ ಕಾರಣ ಇದೇ. ಮಧ್ಯಾಹ್ನದ ಬೆಳಕಲ್ಲಿ ಕಾಮಿಡಿ ನೋಡೋಕೆ ಇನ್ನೊಂದು ಮೋಡ್‌ನಲ್ಲಿ ಇದೇ ಅಂಕಿಗಳನ್ನಿಟ್ಟು ಬ್ಯಾಕ್‌ಲೈಟ್ ಮಾತ್ರ ಏರಿಸಿಕೊಳ್ಳಿ. ಒಂದು ಬಟನ್‌ನಲ್ಲಿ ಬದಲಾಯಿಸಬಹುದು, ಮನೆಯಲ್ಲಿ ಜಗಳವೂ ಇಲ್ಲ.

ಪಕ್ಕದ ಕಪ್ಪು ಪಟ್ಟಿಗಳನ್ನು ಕಂಡು ಝೂಮ್ ಒತ್ತುವವರಿದ್ದಾರೆ. ಒತ್ತಬೇಡಿ. 1950ರ ದಶಕದ ಮೊದಲ ವರ್ಷಗಳವರೆಗಿನ ಬಹುಪಾಲು ಸಿನಿಮಾಗಳ ಚೌಕಟ್ಟು (ಎತ್ತರಕ್ಕೆ ಅಗಲ ಎಷ್ಟು ಪಟ್ಟು ಅನ್ನೋ ಲೆಕ್ಕ) 1.37:1, ನಿಮ್ಮ ಟಿವಿಯದ್ದು 1.78:1. ಝೂಮ್ ಮಾಡಿದರೆ ಚಿತ್ರದ ಎತ್ತರದಲ್ಲಿ ಸುಮಾರು 23 ಶೇಕಡಾ ಹೋಗುತ್ತೆ, ಅಂದರೆ ಮೇಲೆ ತಲೆ, ಕೆಳಗೆ ಕೈ. ಒಝು ಕ್ಯಾಮೆರಾವನ್ನು ಚಾಪೆಯ ಮೇಲೆ ಕೂತವರ ಮಟ್ಟಕ್ಕೆ ಇಳಿಸಿ, ನೆಲದಿಂದ ಸೂರಿನವರೆಗೆ ಅಳೆದು ಜೋಡಿಸಿದ ಚಿತ್ರ ಅದು. ನೆಲವೇ ಕತ್ತರಿಸಿದ ಮೇಲೆ ಉಳಿಯೋದೇನು?

ಚಿತ್ರ ಚಿಕ್ಕದಾಯ್ತು ಅನ್ನಿಸಿದರೆ ಸರಿಯಾದ ಮದ್ದು ಕುರ್ಚಿ. 43 ಇಂಚಿನ ಟಿವಿಯ ಅಗಲ 95 ಸೆಂಟಿಮೀಟರ್. ಪರದೆ ಕಣ್ಣಿಗೆ 30 ಡಿಗ್ರಿ ತುಂಬಬೇಕಾದರೆ ಸುಮಾರು ಆರು ಅಡಿ ದೂರ ಇರಬೇಕು. ಅದೇ ಟಿವಿಯಲ್ಲಿ 1.37ರ ಚಿತ್ರದ ಅಗಲ ಬರೀ 73 ಸೆಂಟಿಮೀಟರ್, ಅದಕ್ಕೆ ನಾಲ್ಕೂವರೆ ಅಡಿ. ನಮ್ಮ ಸೋಫಾಗಳು ಗೋಡೆಗೆ ಅಂಟಿಕೊಂಡು ಹತ್ತಡಿ ಆಚೆ ಇರುತ್ತವೆ. ಹಾಗಾಗಿ ಕ್ಲಾಸಿಕ್ ದಿನ ಒಂದು ಬೆತ್ತದ ಕುರ್ಚಿ ಎಳೆದುಕೊಂಡು ಮುಂದೆ ಕೂತುಬಿಡಿ. ಸಬ್‌ಟೈಟಲ್ ಸಮಸ್ಯೆಯ ಅರ್ಧ ಇಲ್ಲೇ ಮುಗಿಯುತ್ತೆ, ಯಾಕೆಂದರೆ ಅಕ್ಷರ ದೊಡ್ಡದಾದಷ್ಟೂ ಒಂದೇ ನೋಟಕ್ಕೆ ಸಾಲು ಸಿಗುತ್ತೆ.

ಇನ್ನು ಪ್ರತಿ. ಯೂಟ್ಯೂಬಿನಲ್ಲಿ ಸಿಕ್ಕಿದ್ದನ್ನು ಹಾಕುವ ಮುಂಚೆ ಅವಧಿ ನೋಡಿ. "ಸೆವೆನ್ ಸಮುರಾಯ್" (1954) 207 ನಿಮಿಷ. ಒಂದು ಗಂಟೆ ಕಮ್ಮಿ ಇದ್ದರೆ ಅದು ಕತ್ತರಿಸಿದ ಪ್ರತಿ. "ಟೋಕಿಯೊ ಸ್ಟೋರಿ" (1953) 136 ನಿಮಿಷ. 130 ಅಂತ ತೋರಿಸಿದರೆ ಏನೂ ಕತ್ತರಿಸಿಲ್ಲ, ಯುರೋಪಿನ ಹಳೆಯ ಪಾಲ್ ಟಿವಿ ವ್ಯವಸ್ಥೆಗೋಸ್ಕರ ಸೆಕೆಂಡಿಗೆ 25 ಚಿತ್ರದಂತೆ ಓಡಿಸಿದ್ದಾರೆ. ನಾಲ್ಕು ಶೇಕಡಾ ವೇಗ, ದನಿಯೂ ಒಂದಿಷ್ಟು ಕೀರಲು. ಮೂಕಿಚಿತ್ರದಲ್ಲಿ ಎಲ್ಲರೂ ಬಸ್ ತಪ್ಪಿದವರ ಹಾಗೆ ಓಡಾಡುತ್ತಿದ್ದರೆ, ಕಡಿಮೆ ವೇಗದಲ್ಲಿ ತೆಗೆದದ್ದನ್ನು 24ಕ್ಕೆ ಓಡಿಸಿರುವ ಸಾಧ್ಯತೆ ಹೆಚ್ಚು (ಕಾಮಿಡಿಗಳಲ್ಲಿ ಬೇಕೆಂದೇ ಹಾಗೆ ಮಾಡಿದ್ದೂ ಉಂಟು). ದುಡ್ಡಿಲ್ಲದೆ, ಕಳ್ಳ ಪ್ರತಿಯಲ್ಲದೆ ಬೇಕಾದರೆ ಯೂಟ್ಯೂಬಿನಲ್ಲಿ ರಷ್ಯಾದ ಮಾಸ್‌ಫಿಲ್ಮ್ ಸ್ಟುಡಿಯೋದ ಸ್ವಂತ ಚಾನೆಲ್ ಇದೆ, ಕೊರಿಯನ್ ಫಿಲ್ಮ್ ಆರ್ಕೈವ್‌ನ ಚಾನೆಲ್ ಇದೆ, ಎರಡರಲ್ಲೂ ಇಂಗ್ಲಿಷ್ ಸಬ್‌ಟೈಟಲ್ ಸಿಗುತ್ತೆ. ಚಂದಾ ಕಟ್ಟುವುದಾದರೆ ಇಂಥ ಸಿನಿಮಾಗಳ ಆ್ಯಪ್ ಮುಬಿ ಭಾರತದಲ್ಲಿ ಸಿಗುತ್ತೆ, ಕ್ರೈಟೀರಿಯನ್ ಚಾನೆಲ್ ಅಮೆರಿಕ, ಕೆನಡಾಕ್ಕೆ ಮಾತ್ರ. ಅಲ್ಲಿರುವ ನೆಂಟರ ಕೈಲಿ ಡಿಸ್ಕ್ ತರಿಸುವ ಯೋಚನೆ ಇದ್ದರೆ ಗಮನಿಸಿ: ಬ್ಲೂರೇಯಲ್ಲಿ ಅಮೆರಿಕ ಎ ವಲಯ, ಯುರೋಪ್ ಬಿ, ನಾವು ಸಿ. ವಲಯದ ಬೀಗ ಇರುವ ಡಿಸ್ಕ್ ಇಲ್ಲಿನ ಪ್ಲೇಯರ್‌ನಲ್ಲಿ ಓಡಲ್ಲ. 4ಕೆ ಡಿಸ್ಕ್‌ಗಳಿಗೆ ವಲಯದ ಗೋಜಿಲ್ಲ.

ಸಬ್‌ಟೈಟಲ್ ವಿಷಯಕ್ಕೆ ಸ್ವಲ್ಪ ನಿಂತು ಹೇಳ್ತೀನಿ, ಜನ ಕೈಬಿಡೋದು ಇಲ್ಲೇ. ಕಪ್ಪುಬಿಳುಪು ಚಿತ್ರದಲ್ಲಿ ಬಿಳಿ ಅಕ್ಷರ ಹಿಮದ ಮೇಲೆ, ಬಿಳಿ ಅಂಗಿಯ ಮೇಲೆ ಕರಗಿಹೋಗುತ್ತೆ. ಆ್ಯಪ್‌ನ ಇಲ್ಲವೇ ಟಿವಿಯ ಸಬ್‌ಟೈಟಲ್ ಸೆಟ್ಟಿಂಗ್‌ಗೆ ಹೋಗಿ ತಿಳಿಹಳದಿ ಅಕ್ಷರ, ಸುತ್ತ ಕಪ್ಪು ಅಂಚು ಮಾಡಿಕೊಳ್ಳಿ. ಪಟ್ಟಿಯಲ್ಲಿ ಎರಡು ಇಂಗ್ಲಿಷ್ ಇದ್ದರೆ "ಸಿಸಿ" ಇಲ್ಲದ್ದನ್ನು ಆರಿಸಿ. ಸಿಸಿ ಕಿವಿ ಕೇಳದವರಿಗಾಗಿ ಮಾಡಿದ್ದು, "ಬಾಗಿಲು ಕಿರುಗುಟ್ಟಿತು" ಅನ್ನೋದನ್ನೂ ಓದಿಸುತ್ತೆ.

ಲ್ಯಾಪ್‌ಟಾಪ್‌ನಿಂದ ಹಾಕುವಾಗ ಮಾತು, ಅಕ್ಷರ ಹೊಂದದಿದ್ದರೆ ಮೊದಲು ಪತ್ತೆ ಮಾಡಬೇಕಾದ್ದು ಯಾವ ಬಗೆಯ ತಪ್ಪು ಅಂತ. ಸಿನಿಮಾದ ಮೊದಲ ಮಾತು ನೋಡಿ, ಕೊನೆಯ ಮಾತಿಗೆ ಹಾರಿ. ಎರಡರಲ್ಲೂ ಅದೇ ಎರಡು ಸೆಕೆಂಡ್ ಅಂತರ ಇದ್ದರೆ ಸುಲಭ: ಉಚಿತ ವೀಡಿಯೊ ಪ್ಲೇಯರ್ ವಿಎಲ್‌ಸಿಯಲ್ಲಿ ಅಕ್ಷರ ತಡವಾಗಿ ಬರುತ್ತಿದ್ದರೆ ಜಿ ಕೀ, ಮುಂಚೆ ಬರುತ್ತಿದ್ದರೆ ಎಚ್ ಕೀ. ಒಂದೊತ್ತಿಗೆ 50 ಮಿಲಿಸೆಕೆಂಡ್, ಎರಡು ಸೆಕೆಂಡಿಗೆ 40 ಒತ್ತು. ಬೇಜಾರಾದರೆ ಟೂಲ್ಸ್ ಮೆನುವಿನ ಟ್ರ್ಯಾಕ್ ಸಿಂಕ್ರೊನೈಸೇಷನ್‌ನಲ್ಲಿ ಅಂಕಿಯನ್ನೇ ಬರೆಯಿರಿ. ಅಂತರ ಬರಬರುತ್ತಾ ಬೆಳೆದು ಗಂಟೆಗೆ ಎರಡೂವರೆ ನಿಮಿಷ ಆಗುತ್ತಿದ್ದರೆ ಅದು ಆ 24-25ರ ತಕರಾರು. ಎಷ್ಟು ಜಿ ಒತ್ತಿದರೂ ಪ್ರಯೋಜನವಿಲ್ಲ. ಸಬ್‌ಟೈಟಲ್ ಎಡಿಟ್ ಅನ್ನುವ ಉಚಿತ ತಂತ್ರಾಂಶದಲ್ಲಿ ಫ್ರೇಮ್ ರೇಟನ್ನು (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) 25ರಿಂದ 23.976ಕ್ಕೆ (ಕಡತಗಳಲ್ಲಿ 24 ಅಂದರೆ ಹೆಚ್ಚಾಗಿ ಇದೇ), ಅಥವಾ ಉಲ್ಟಾ, ಬದಲಾಯಿಸಿ. ಹಾಗೆಯೇ ಲ್ಯಾಪ್‌ಟಾಪ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 24 ಹರ್ಟ್ಸ್ ಸಿಕ್ಕರೆ ಅದನ್ನೇ ಇಡಿ. 60ರಲ್ಲಿ ಕ್ಯಾಮೆರಾ ಪಕ್ಕಕ್ಕೆ ಸರಿಯುವಾಗ ಚಿತ್ರ ಕುಂಟುತ್ತೆ.

ಮನೆಯಲ್ಲಿ ಇಂಗ್ಲಿಷ್ ಓದದ ಅಮ್ಮನೋ ಅಜ್ಜಿಯೋ ಇದ್ದರೆ, ಮನೆಮಟ್ಟಿಗೆ ಕನ್ನಡ ಸಬ್‌ಟೈಟಲ್ ನೀವೇ ಮಾಡಬಹುದು. ಎಸ್‌ಆರ್‌ಟಿ ಅನ್ನೋದು ಬರೀ ಪಠ್ಯದ ಕಡತ. ಒಂದು ಸಾಲಿನಲ್ಲಿ ಕ್ರಮಸಂಖ್ಯೆ, ಮುಂದಿನದರಲ್ಲಿ 00:12:04,500 --> 00:12:07,200 ಥರದ ಸಮಯ, ಅದರ ಕೆಳಗೆ ಮಾತು, ಆಮೇಲೆ ಒಂದು ಖಾಲಿ ಸಾಲು. ಸಮಯ ಮುಟ್ಟದೆ ಮಾತು ಮಾತ್ರ ಬದಲಿಸಿ. ಪದಶಃ ಬೇಡ, ಮೂರು ಸೆಕೆಂಡಿನಲ್ಲಿ ಓದಲು ಆಗುವಷ್ಟು ಮಾತ್ರ: "ನೀವು ನಿನ್ನೆ ರಾತ್ರಿ ಎಲ್ಲಿಗೆ ಹೋಗಿದ್ದಿರಿ" ಅನ್ನೋದಕ್ಕೆ "ರಾತ್ರಿ ಎಲ್ಲಿದ್ರಿ?" ಸಾಕು. ಯುಟಿಎಫ್-8ರಲ್ಲಿ ಉಳಿಸಿ, ಕಡತಕ್ಕೆ ಸಿನಿಮಾ ಕಡತದ ಹೆಸರನ್ನೇ ಇಟ್ಟು ಅದೇ ಫೋಲ್ಡರ್‌ಗೆ ಹಾಕಿ. ಅಕ್ಷರದ ಬದಲು ಡಬ್ಬಿಗಳು ಬಂದರೆ ವಿಎಲ್‌ಸಿಯಲ್ಲಿ ನೋಟೋ ಸಾನ್ಸ್ ಕನ್ನಡ ಫಾಂಟ್ ಆರಿಸಿ. ಪೆನ್‌ಡ್ರೈವನ್ನು ನೇರ ಟಿವಿಗೆ ಚುಚ್ಚಿದರೆ ಒತ್ತಕ್ಷರ ಒಡೆದು "ಅಕ್ಕ" ಹೋಗಿ "ಅಕ್‌ಕ" ಆಗುವ ಸಾಧ್ಯತೆ ಇದೆ. ಲ್ಯಾಪ್‌ಟಾಪ್‌ಗೆ ಎಚ್‌ಡಿಎಂಐ ಕೇಬಲ್ ಹಾಕೋದೇ ಖಾತ್ರಿ.

ಶಬ್ದದ್ದು ಬೇಗ ಮುಗಿಸ್ತೀನಿ. ಹಳೆಯವು ಮೋನೋ, ಟಿವಿಯ "ಸರೌಂಡ್" ಆಟಗಳನ್ನೆಲ್ಲ ಆಫ್ ಮಾಡಿಬಿಡಿ. ಹೊಸ ಕಾಮಿಡಿಯಲ್ಲಿ ಹಾಡು ಕಿವಿ ಹರಿದು, ಮಾತು ಪಿಸುಗುಟ್ಟಿದ ಹಾಗಿದ್ದರೆ 5.1 ಟ್ರ್ಯಾಕ್ (ಆರು ಸ್ಪೀಕರಿಗೆ ಹಂಚಿದ ಶಬ್ದ) ಬಿಟ್ಟು ಸ್ಟೀರಿಯೋ ಆರಿಸಿ, ರಾತ್ರಿಯಾದರೆ ನೈಟ್ ಮೋಡ್ ಹಾಕಿ. ಫೆಲಿನಿ ಮುಂತಾದ ನಿರ್ದೇಶಕರ ಹಳೆಯ ಇಟಲಿ ಸಿನಿಮಾಗಳಲ್ಲಿ ತುಟಿಗೂ ಮಾತಿಗೂ ಹೊಂದದಿದ್ದರೆ ಯಾವ ಕೀಯನ್ನೂ ಒತ್ತಬೇಡಿ. ಅಲ್ಲಿ ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಸೇರಿಸುವುದೇ ರೂಢಿಯಾಗಿತ್ತು.

ಹೊತ್ತಿನ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ: ಶುಕ್ರವಾರ ರಾತ್ರಿ ಊಟವಾದ ಮೇಲೆ ಒಝು ಹಾಕೋದು ಒಝುಗೆ ಮಾಡುವ ಅನ್ಯಾಯ. ಆ ಹೊತ್ತು ಕಾಮಿಡಿಯದ್ದು, ಎಲ್ಲರೂ ಒಟ್ಟಿಗೆ ಕೂತಾಗ ನಗು ಒಬ್ಬರಿಂದ ಒಬ್ಬರಿಗೆ ಹತ್ತುತ್ತೆ. ಕ್ಲಾಸಿಕ್ಕಿಗೆ ಭಾನುವಾರ ಬೆಳಗ್ಗೆ ತಿಂಡಿಯಾದ ಮೇಲೆ, ಕಿಟಕಿಗೆ ದಪ್ಪ ಪರದೆ ಎಳೆದು, ಫೋನ್ ಇನ್ನೊಂದು ಕೋಣೆಯಲ್ಲಿ. ಶುರುವಿಗೆ ನೂರು ನಿಮಿಷದ ಒಳಗಿನವು: "ರಾಶೋಮಾನ್" (1950) 88 ನಿಮಿಷ, "ಬೈಸಿಕಲ್ ಥೀವ್ಸ್" (1948) 89. ಇವನ್ನು ಒಂದೇ ಉಸಿರಿಗೆ ನೋಡಿ. "ಸೆವೆನ್ ಸಮುರಾಯ್"ನಲ್ಲಿ ಮಾತ್ರ ಅದರದ್ದೇ ಇಂಟರ್‌ವಲ್ ಇದೆ, ಅಲ್ಲಿಗೆ ನಿಲ್ಲಿಸಿ ಉಳಿದದ್ದನ್ನು ಮಾರನೇ ದಿನ ನೋಡಿದರೆ ತಪ್ಪೇನಿಲ್ಲ. ಒಂದೇ ರಾತ್ರಿ ಭಾರದ್ದೊಂದು, "ಮೂಡ್ ಸರಿಹೋಗಲಿ" ಅಂತ ಹಗುರದ್ದೊಂದು ಹಾಕಬೇಡಿ. ಕಷಾಯ ಕುಡಿದದ್ದಕ್ಕೆ ಬೆಲ್ಲ ಕೊಟ್ಟ ಹಾಗಾಗುತ್ತೆ, ಎರಡೂ ಸಿನಿಮಾ ಕೆಡುತ್ತೆ.

ಬದಲಿಗೆ ಎರಡಕ್ಕೂ ಸೇರಿದವನ್ನು ಹುಡುಕಿ. ಒಝು ಅಂದರೆ ಗಂಭೀರ ಅಂದುಕೊಂಡವರಿಗೆ ಅವನ "ಗುಡ್ ಮಾರ್ನಿಂಗ್" (1959) ತೋರಿಸಿ. ಬಣ್ಣದ್ದು, 94 ನಿಮಿಷ. ಮನೆಗೆ ಟಿವಿ ಬೇಕು ಅಂತ ಹಟ ಹಿಡಿದ ಅಣ್ಣತಮ್ಮ, ಅಪ್ಪ ಗದರಿದಾಗ "ದೊಡ್ಡೋರೇ ನಮಸ್ಕಾರ, ಹವಾ ಚೆನ್ನಾಗಿದೆ ಅಂತ ಸುಮ್ಮನೆ ಮಾತಾಡೋದು" ಅಂತ ತಿರುಗಿಬಿದ್ದು ಮೌನವ್ರತ ಹೂಡುತ್ತಾರೆ. ನಡುನಡುವೆ ಹುಡುಗರದ್ದೊಂದು ಆಟ: ಒಬ್ಬ ಇನ್ನೊಬ್ಬನ ಹಣೆ ಒತ್ತಿದರೆ ಅವನು ಹೂಸು ಬಿಡಬೇಕು. ಸರಿಯಾಗಿ ಬಾರದ ಪಾಪದವನೊಬ್ಬ ಪ್ರತಿ ಸಲ ಚಡ್ಡಿ ಬದಲಾಯಿಸೋಕೆ ಮನೆಗೆ ಓಡ್ತಾನೆ. ಮಕ್ಕಳಿಗೆ ಸಬ್‌ಟೈಟಲ್ ಬೇಕಾಗೋದೇ ಇಲ್ಲ. ಫ್ರಾನ್ಸಿನ ನಟ, ನಿರ್ದೇಶಕ ಜಾಕ್ ತಾತಿಯ "ಮಸ್ಯೂ ಹುಲೋಸ್ ಹಾಲಿಡೇ" (1953) ಇನ್ನೂ ಸಲೀಸು, ಮಾತೇ ಲೆಕ್ಕಕ್ಕಿಲ್ಲ. ಬ್ಯಾಟ್ ಮಾರಿದ ಅಂಗಡಿಯವಳು ತೋರಿಸಿಕೊಟ್ಟ ವಿಚಿತ್ರ ಹೊಡೆತದಿಂದಲೇ ಹುಲೋ ಟೆನಿಸ್‌ನಲ್ಲಿ ಎಲ್ಲರನ್ನೂ ಮಣಿಸುವ ಜಾಗಕ್ಕೆ ಬಂದಾಗ ಮನೆಯವರ ಮುಖ ನೋಡಿ.

ಇನ್ನೊಂದು ದಾರಿ, ಗೊತ್ತಿರುವ ಕತೆಯಿಂದ ಗೊತ್ತಿಲ್ಲದ್ದಕ್ಕೆ. ಫಣಿ ರಾಮಚಂದ್ರರ "ಗಣೇಶನ ಮದುವೆ" (1990) ಯಾರಿಗೆ ಗೊತ್ತಿಲ್ಲ? ವಠಾರದಲ್ಲಿ ಎದುರಾದರೆ ಹಾವು ಮುಂಗುಸಿ, ಕಾಗದದಲ್ಲಿ ಪ್ರೇಮಿಗಳು. ಈ ವಾರ ಅದನ್ನು ನೋಡಿ, ಮುಂದಿನ ವಾರ ಹಾಲಿವುಡ್ ನಿರ್ದೇಶಕ ಲೂಬಿಚ್‌ನ "ದ ಶಾಪ್ ಅರೌಂಡ್ ದ ಕಾರ್ನರ್" (1940) ಹಾಕಿ, 99 ನಿಮಿಷ. ಬುಡಾಪೆಸ್ಟ್‌ನ ಒಂದು ಅಂಗಡಿಯಲ್ಲಿ ಕೆಲಸ ಮಾಡುವ ಇಬ್ಬರು, ಹಗಲೆಲ್ಲ ಕಿತ್ತಾಟ, ರಾತ್ರಿ ಹೆಸರು ಗೊತ್ತಿಲ್ಲದ ಗೆಳೆಯರಿಗೆ ಕಾಗದ. ಕತೆಯ ಹೂರಣ ಆಗಲೇ ಗೊತ್ತಿರೋದರಿಂದ ಕಣ್ಣು ಸಬ್‌ಟೈಟಲ್ ಬಿಟ್ಟು ಮುಖಗಳ ಮೇಲೆ ಇರುತ್ತೆ. ಹೀಗೇ "ಉಳಿದವರು ಕಂಡಂತೆ" (2014) ನೋಡಿದವರಿಗೆ, ಒಂದೇ ಘಟನೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುವ "ರಾಶೋಮಾನ್" ತಲೆಕೆಡಿಸಲ್ಲ. ಜಾಕಿ ಚಾನ್ "ಪ್ರಾಜೆಕ್ಟ್ ಎ" (1983) ಚಿತ್ರದಲ್ಲಿ ಗಡಿಯಾರದ ಗೋಪುರದಿಂದ ಬೀಳೋದನ್ನು ನೋಡಿ ಕುಣಿದ ಮಕ್ಕಳ ಮುಂದೆ ಹೆರಾಲ್ಡ್ ಲಾಯ್ಡ್ ಗಡಿಯಾರದ ಮುಳ್ಳಿಗೆ ಜೋತುಬಿದ್ದ "ಸೇಫ್ಟಿ ಲಾಸ್ಟ್" (1923) ಹಾಕಿ. ಜಾಕಿ ಬಿದ್ದದ್ದು ಯಾರಿಗೆ ಮಾಡಿದ ನಮಸ್ಕಾರ ಅಂತ ಅವರೇ ಕೂಗಿ ಹೇಳ್ತಾರೆ.

ತಾತಿಯದ್ದೇ "ಪ್ಲೇಟೈಮ್" (1967) ಮಾತ್ರ ಈ ಟಿವಿಯಲ್ಲಿ ಬೇಡ. ಅದು ದೊಡ್ಡ ಪರದೆಗಾಗಿ 70 ಎಂಎಂ ಅಗಲದ ಫಿಲ್ಮಿನಲ್ಲಿ ತೆಗೆದದ್ದು, ಕ್ಲೋಸಪ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ನಗು ಚೌಕಟ್ಟಿನ ಯಾವುದೋ ಮೂಲೆಯಲ್ಲಿ, ಬೆರಳುದ್ದದ ಮನುಷ್ಯರ ನಡುವೆ ನಡೆಯುತ್ತಿರುತ್ತೆ. 43 ಇಂಚಿನಲ್ಲಿ ಆ ಮನುಷ್ಯರು ಅಕ್ಕಿಕಾಳಾಗ್ತಾರೆ. ಪ್ರೊಜೆಕ್ಟರ್ ಇರುವ ಸ್ನೇಹಿತರ ಮನೆಯ ಗೋಡೆ ಖಾಲಿ ಮಾಡಿಸಿ.