ಈ 45,000 ಈಗ ಕಟ್ಟಬೇಡಿ

ಮಾನ್ಯರೇ,

ನೀವು ಕಳಿಸಿದ ಹದಿನಾಲ್ಕೂ ಕತೆಗಳನ್ನು ಓದಿದೆವು. ಪತ್ರದಲ್ಲಿ ಎರಡು ಪ್ರಶ್ನೆ ಕೇಳಿದ್ದೀರಿ. ಇದು ಪುಸ್ತಕವಾಗುತ್ತದೆಯೇ? ಅಚ್ಚು, ಮುಖಪುಟ, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ), ಕಾಪಿರೈಟ್ ಎಲ್ಲ ಸೇರಿ 45,000 ರೂಪಾಯಿಗೆ 100 ಪ್ರತಿ ಕೊಡುತ್ತೇವೆ ಎಂದ ಸಂಸ್ಥೆಗೆ ದುಡ್ಡು ಕಟ್ಟಬಹುದೇ? ಈಗಿರುವ ಹಾಗೆ ಆಗುವುದಿಲ್ಲ. ಕಟ್ಟಲೂ ಬೇಡಿ.

ಮೊದಲು ಕತೆಗಳ ಮಾತು. ನಿಮ್ಮ ಡೇರಿ ಕತೆಯಲ್ಲಿ ಕಾರ್ಯದರ್ಶಿ ಬೆರಳಿಗೆ ಎಂಜಲು ಹಚ್ಚಿ ಪುಸ್ತಕ ತಿರುವುತ್ತಾ ಹಾಲಿನ ಫ್ಯಾಟು ಬರೆಯುವುದು, ಸಾಲಿನಲ್ಲಿ ನಿಂತ ಹೆಂಗಸರು ಮಾತಿಲ್ಲದೆ ಕ್ಯಾನು ಮುಂದಕ್ಕೆ ತಳ್ಳುವುದು: ಆ ಭಾಗಕ್ಕೆ ನಾವು ಪೆನ್ಸಿಲ್ಲೇ ತಾಗಿಸಲಿಲ್ಲ. ಆದರೆ ಅಲ್ಲಿಗೆ ಬರುವ ಮೊದಲು ಎರಡು ಪುಟ ಮಂಜು, ಕೋಳಿ ಕೂಗು, ದೇವಸ್ಥಾನದ ಗಂಟೆ. ಹನ್ನೊಂದು ಕತೆಗಳು ಹೀಗೇ ಶುರುವಾಗುತ್ತವೆ. ಆರು ಕತೆಗಳು ಸಾವಿನಲ್ಲಿ ಮುಗಿಯುತ್ತವೆ, ಅದರಲ್ಲಿ ನಾಲ್ಕು ಸಾವುಗಳಿಗೆ ಕತೆಯೊಳಗೆ ಕಾರಣವೇ ಇಲ್ಲ. ಇನ್ನು ಪಾತ್ರಗಳ ಮಾತು. ಅದೇ ಡೇರಿ ಕತೆಯಲ್ಲಿ 'ಎಲ್ಲಿಗ್ಲಾ ಹೋಗಿದ್ದೆ, ಉಣ್ಣಾಕ್ ಬಾ' ಎನ್ನುವ ಮಂಡ್ಯದ ತಾಯಿ ಮೂರು ಪುಟ ದಾಟುವಷ್ಟರಲ್ಲಿ 'ನಿನ್ನ ನಿರ್ಗಮನ ನನ್ನ ಬದುಕನ್ನು ಬರಿದಾಗಿಸಿದೆ' ಎನ್ನುತ್ತಾಳೆ. ಅಳುವಾಗ ಯಾರೂ ಗ್ರಾಂಥಿಕಕ್ಕೆ ತಿರುಗುವುದಿಲ್ಲ. ಸಂಭಾಷಣೆಗಳನ್ನು ಊರಿನವರೊಬ್ಬರ ಎದುರು ಗಟ್ಟಿಯಾಗಿ ಓದಿ. ಅವರು ನಕ್ಕ ಕಡೆಯೆಲ್ಲ ಗುರುತು ಹಾಕಿಕೊಳ್ಳಿ.

ಈಗ ಆ ಪ್ಯಾಕೇಜು. ಐಎಸ್‌ಬಿಎನ್‌ಗೆ ದುಡ್ಡಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಸ್ವಂತ ಪ್ರಕಟಣೆಯಾದರೆ ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಕಾಪಿರೈಟ್, ಅಂದರೆ ಕೃತಿಸ್ವಾಮ್ಯವಂತೂ ಬರೆದ ಕ್ಷಣದಿಂದ ನಿಮ್ಮದೇ, ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೂ ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. 100 ಪ್ರತಿಗೆ 45,000 ಎಂದರೆ ಪ್ರತಿಯೊಂದಕ್ಕೆ 450 ಬಿತ್ತು. ಮುಖಬೆಲೆ 200 ಇಟ್ಟು, ಅಂಗಡಿಗೆ ಶೇ 40 ರಿಯಾಯಿತಿ ಬಿಟ್ಟು, ನೂರೂ ಮಾರಾಟವಾದರೆ ಕೈಗೆ ಬರುವುದು 12,000. ಉಳಿದ 33,000 ನಿಮ್ಮ ಜೇಬಿನದು. ಇಷ್ಟೆಲ್ಲ ಕೊಟ್ಟರೂ ಆ ಪಟ್ಟಿಯಲ್ಲಿ ಕತೆ ತಿದ್ದುವವರು ಯಾರೂ ಇಲ್ಲ. 'ಕರಡು ತಿದ್ದುಪಡಿ' ಎಂದು ಬರೆದಿರುವುದು ಕಾಗುಣಿತಕ್ಕೆ ಮಾತ್ರ.

ಜೊತೆಗಿಟ್ಟ ಕರಾರಿನ ನಾಲ್ಕನೇ ಕಲಮು ಇನ್ನೂ ಕೆಟ್ಟದ್ದು: 'ಎಲ್ಲ ಹಕ್ಕುಗಳೂ ಪ್ರಕಾಶಕರವು.' ದುಡ್ಡು ನೀವು ಕೊಟ್ಟು ಅನುವಾದ, ಆಡಿಯೋ, ಸಿನಿಮಾ ಹಕ್ಕನ್ನೂ ಕೊಡುವುದು ಯಾವ ನ್ಯಾಯ? 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು. ಯಾವ ಹಕ್ಕು, ಎಷ್ಟು ಕಾಲ, ಎಲ್ಲಿಯವರೆಗೆ, ಗೌರವಧನ ಎಷ್ಟು ಎಂದು ಬಿಡಿಸಿ ಹೇಳಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದು ಲೆಕ್ಕ. ಮುಂದೆ ಯಾರೊಂದಿಗೇ ಕರಾರಾಗಲಿ, ಕನ್ನಡ ಮುದ್ರಣದ ಹಕ್ಕು, ಒಂದು ಆವೃತ್ತಿ, ಇಷ್ಟು ಪ್ರತಿ ಎಂದು ಮಾತ್ರ ಬರೆದು ಸಹಿ ಹಾಕಿ.

ಈಗಲೇ ಅಚ್ಚು ಹಾಕಿಸಿದರೆ ಇನ್ನೊಂದು ನಷ್ಟವೂ ಇದೆ. ಮೊದಲ ಪುಸ್ತಕ ಒಂದೇ ಸಲ ಬರುವುದು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ (ವಯಸ್ಸಿನ ಮಿತಿಯಿದೆ, ಪ್ರಕಟಣೆ ನೋಡಿಕೊಳ್ಳಿ). 'ಛಂದ ಪುಸ್ತಕ' ಎಂಬ ಪ್ರಕಾಶನ ಮೊದಲ ಕಥಾಸಂಕಲನದ ಹಸ್ತಪ್ರತಿಗೆ ಸ್ಪರ್ಧೆ ನಡೆಸಿ ಗೆದ್ದದ್ದನ್ನು ತಾನೇ ಪ್ರಕಟಿಸುತ್ತದೆ. ನೂರು ಪ್ರತಿಯ ಆಸೆಗೆ ಈ ಎರಡೂ ಬಾಗಿಲು ಮುಚ್ಚಿಕೊಳ್ಳುತ್ತವೆ. ಬಿಡಿ ಕತೆಗಳಿಗೆ ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಿದೆ, ಮಯೂರ, ತುಷಾರದಂಥ ಮಾಸಿಕಗಳಿವೆ. ಕಳಿಸುವ ಕತೆಯನ್ನು ಫೇಸ್‌ಬುಕ್ಕಿಗೆ ಹಾಕಬೇಡಿ, 'ಎಲ್ಲೂ ಪ್ರಕಟವಾಗಿರಬಾರದು' ಎಂಬ ನಿಯಮಕ್ಕೆ ಅದೂ ಸೇರುತ್ತದೆ. ಒಂದೇ ಕತೆಯನ್ನು ಎರಡು ಪತ್ರಿಕೆಗೆ ಒಟ್ಟಿಗೆ ಕಳಿಸುವುದೂ ಬೇಡ.

ದೊಡ್ಡ ಸಾಹಿತಿಯೊಬ್ಬರ ಮುನ್ನುಡಿಗೆ ಓಡಾಡುತ್ತಿದ್ದೇನೆ ಎಂದಿದ್ದೀರಿ. ನಿಲ್ಲಿಸಿ. ಮುನ್ನುಡಿ ಬರೆಯುವವರು ಹೊಗಳುತ್ತಾರೆ, ತಿದ್ದುವುದಿಲ್ಲ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಕಮ್ಮಟಗಳ (ಬರವಣಿಗೆ ಶಿಬಿರಗಳ) ಪ್ರಕಟಣೆ ಬಂದಾಗ ಅರ್ಜಿ ಹಾಕಿ. ಅಲ್ಲಿ ಸಿಗುವ ಇಬ್ಬರು ಓರಗೆಯ ಕತೆಗಾರರು, ಒಬ್ಬರ ಕತೆ ಒಬ್ಬರು ನಿಷ್ಠುರವಾಗಿ ಓದುವವರಾದರೆ, ಎಷ್ಟೋ ಮುನ್ನುಡಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತಾರೆ.

ಕಡತದ ಬಗ್ಗೆ ಒಂದು ಮಾತು. ಹಳೆಯ ನುಡಿ ಫಾಂಟಿನಲ್ಲಿದ್ದುದನ್ನು ಯೂನಿಕೋಡ್‌ಗೆ ಬದಲಿಸಿ ಹಾಗೇ ಕಳಿಸಿದ್ದೀರಿ, ಅರ್ಕಾವತ್ತು, ಒತ್ತಕ್ಷರ ಹಲವೆಡೆ ಚೆಲ್ಲಾಪಿಲ್ಲಿ. ಬದಲಿಸಿದ ಮೇಲೆ ಸಾಲುಸಾಲಾಗಿ ಓದಲೇಬೇಕು, ಸಾಫ್ಟ್‌ವೇರು ನಂಬಿ ಕೂರುವಂತಿಲ್ಲ.

ಡೇರಿ ಕತೆಯ ಮೊದಲ ಎರಡು ಪುಟ ತೆಗೆದು, ತಾಯಿಯ ಮಾತು ಸರಿಮಾಡಿ, ಅದೊಂದನ್ನೇ ನಮಗೆ ಮತ್ತೆ ಕಳಿಸಿ. ಉಳಿದ ಹದಿಮೂರು ಸದ್ಯಕ್ಕೆ ನಿಮ್ಮಲ್ಲೇ ಇರಲಿ.

ಸಂಪಾದಕ