ಸಂವಿಧಾನಕ್ಕೆ ಕಲಬುರಗಿಯ ಒಪ್ಪಿಗೆ ಕೊಟ್ಟವರು ಯಾರು?

ಪ್ರಶ್ನೆ: ಅಮೆರಿಕದಲ್ಲಿ ಸಂವಿಧಾನ ಜಾರಿಗೆ ಬರೋ ಮೊದಲು ಒಂದೊಂದು ರಾಜ್ಯವೂ ವಾದ ಮಾಡಿ ಮತ ಹಾಕಿತ್ತಂತೆ. ನಮ್ಮಲ್ಲಿ ಯಾಕೆ ಹಾಗೆ ಆಗಲಿಲ್ಲ? ನಮ್ಮ ಮುತ್ಯಾ ನಿಜಾಮರ ಪ್ರಜೆ. ‘ಭಾರತದ ಪ್ರಜೆಗಳಾದ ನಾವು’ ಅನ್ನೋದರಲ್ಲಿ ನಮ್ಮ ಕಡೆಯವರು ಇದ್ದರಾ ಸರ್?
– ಪದವಿ ವಿದ್ಯಾರ್ಥಿನಿ, ಆಳಂದ

ಉತ್ತರ: ಅಂಗೀಕರಿಸಿದ ಸಭೆಯಲ್ಲಿ ಇರಲಿಲ್ಲ ತಂಗಿ. ಸಂವಿಧಾನ ಸಭೆಯಲ್ಲಿ ಹೈದರಾಬಾದ್ ಸಂಸ್ಥಾನಕ್ಕೆಂದು 16 ಸ್ಥಾನಗಳಿದ್ದವು. ನಿಜಾಮರು ಒಕ್ಕೂಟ ಸೇರದ ಕಾರಣ ಅವು ಖಾಲಿಯಿದ್ದವು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಶರಣಾದ ಮೇಲೂ ತುಂಬಲಿಲ್ಲ. ಆಗ ಕಲಬುರಗಿ, ಬೀದರ್, ರಾಯಚೂರು ಮಿಲಿಟರಿ ಗವರ್ನರ್ ಜೆ.ಎನ್. ಚೌಧರಿಯವರ ಕೈಯಲ್ಲಿದ್ದವು. ಯಾದಗಿರಿ ಆಗ ಕಲಬುರಗಿಯದೇ ಭಾಗವಾಗಿತ್ತು. ಜನರು ಆರಿಸಿದ ಶಾಸನಸಭೆ ಇಲ್ಲಿ ಇರಲೇ ಇಲ್ಲ, ಒಪ್ಪಿಗೆ ಕೊಡುವವರು ಯಾರು? 1949ರ ನವೆಂಬರ್ 23ರಂದು ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ಫರ್ಮಾನು ಹೊರಡಿಸಿ ಭಾರತದ ಸಂವಿಧಾನವನ್ನು ಒಪ್ಪಿಕೊಂಡರು. ಮೂರು ದಿನ ಬಿಟ್ಟು ದಿಲ್ಲಿಯಲ್ಲಿ ಅದು ಅಂಗೀಕಾರವಾಯಿತು. ಮೈಸೂರಿನವರ ಪರವಾಗಿ ಕೆ.ಸಿ. ರೆಡ್ಡಿ, ಟಿ. ಸಿದ್ಧಲಿಂಗಯ್ಯ ಮೊದಲಾದವರು ಅಲ್ಲಿ ಕೂತಿದ್ದರು. ನಿಮ್ಮ ಮುತ್ಯಾನ ಪರವಾಗಿ ಇದ್ದದ್ದು ದೊರೆಯ ಫರ್ಮಾನು ಒಂದೇ. ಈ ಕೊರತೆಯನ್ನು ನಮ್ಮ ಪಠ್ಯಗಳು ಸ್ಪಷ್ಟವಾಗಿ ಹೇಳಬೇಕು.

ಹಾಗೆ ನೋಡಿದರೆ ಜನರ ನೇರ ಮತವನ್ನು ದೇಶದ ಯಾವ ಭಾಗದಲ್ಲೂ ಕೇಳಿರಲಿಲ್ಲ. ಬ್ರಿಟಿಷ್ ಪ್ರಾಂತ್ಯಗಳ ಸದಸ್ಯರನ್ನು ಆರಿಸಿದ್ದು ಅಲ್ಲಿನ ಶಾಸಕರು. ಆ ಶಾಸಕರಿಗೆ ಮತ ಹಾಕಲು ಆಸ್ತಿ, ತೆರಿಗೆ, ವಿದ್ಯೆಯ ಅರ್ಹತೆ ಬೇಕಿತ್ತು. ವಯಸ್ಕ ಮತದಾನದಿಂದ ಹೊಸ ಸಭೆಯೇ ಬರಲಿ ಎಂದು ದಾಮೋದರ್ ಸ್ವರೂಪ್ ಸೇಠ್ 1948ರ ನವೆಂಬರಿನಲ್ಲಿ ಸಭೆಯೊಳಗೇ ಪಟ್ಟು ಹಿಡಿದಿದ್ದರು. ತತ್ವದ ಮಟ್ಟಿಗೆ ಅವರ ಮಾತು ಸರಿ. ಆದರೆ ವಿಭಜನೆಯ ನೆತ್ತರು ಇನ್ನೂ ಆರದ ಹೊತ್ತಿನಲ್ಲಿ ಕಾಯುತ್ತ ಕೂತಿದ್ದರೆ ಎಲ್ಲರಿಗೂ ಮತ ಅನ್ನುವ ವಿಧಿಯೇ ಕೈತಪ್ಪುವ ಭಯವಿತ್ತು. ಕಾದು ಕೂರದೆ ಮುಂದುವರಿದದ್ದೇ ಒಳ್ಳೆಯದಾಯಿತು ಎಂದು ನಾನು ನಂಬುತ್ತೇನೆ.

ಅಮೆರಿಕದ್ದೂ ಪೂರ್ತಿ ಜನಮತವಲ್ಲ. ಗುಲಾಮರಿಗೆ ದನಿಯಿರಲಿಲ್ಲ, ಹೆಂಗಸರಿಗೂ ಬಹುತೇಕ ಎಲ್ಲ ಕಡೆ ಮತವಿರಲಿಲ್ಲ. ಆದರೂ ಅಲ್ಲಿನ ವಾದದಲ್ಲಿ ಕಲಿಯುವುದಿದೆ. 1787ರ ಕರಡಿಗೆ 13 ರಾಜ್ಯಗಳ ಪೈಕಿ 9 ಒಪ್ಪಬೇಕಿತ್ತು. ಮ್ಯಾಸಚೂಸೆಟ್ಸ್‌ನ ಪ್ರತಿನಿಧಿಗಳ ಸಭೆಯಲ್ಲಿ ಪರ 187, ವಿರುದ್ಧ 168, ವರ್ಜೀನಿಯಾದಲ್ಲಿ 89–79. ಕೊನೆಗೆ ಬಂದ ರೋಡ್ ಐಲೆಂಡ್ 1790ರಲ್ಲಿ ಬರೀ ಎರಡು ಮತದ ಅಂತರದಲ್ಲಿ ಒಪ್ಪಿತು. ವರ್ಜೀನಿಯಾದಲ್ಲಿ ಕರಡನ್ನು ವಿರೋಧಿಸಿದ ಪ್ಯಾಟ್ರಿಕ್ ಹೆನ್ರಿ ‘ಜನರ ಹಕ್ಕುಗಳ ಪಟ್ಟಿ ಎಲ್ಲಿದೆ’ ಎಂದು ಕೇಳುತ್ತಲೇ ಹೋದರು. ಮ್ಯಾಸಚೂಸೆಟ್ಸ್ ಒಪ್ಪಿಗೆಯ ಜೊತೆಗೇ ಬೇಕಾದ ತಿದ್ದುಪಡಿಗಳನ್ನೂ ಬರೆದು ಕಳಿಸಿತು. 1791ರಲ್ಲಿ ಸೇರಿದ ಮೊದಲ 10 ತಿದ್ದುಪಡಿಗಳು ಈ ಒತ್ತಡದಿಂದಲೇ ಬಂದವು. ಅಂದರೆ ಮತದಲ್ಲಿ ಸೋತವರ ಮಾತೂ ಅಲ್ಲಿನ ಸಂವಿಧಾನದೊಳಗೆ ಸೇರಿತು.

ನಮ್ಮ ಭಾಗಕ್ಕೆ ತಪ್ಪಿದ್ದು ಈ ಅವಕಾಶ. ‘ಒಪ್ಪುತ್ತೇವೆ, ಆದರೆ ಹಿಂದುಳಿದ ನಮಗೆ ಇಂಥದ್ದು ಬೇಕು’ ಎನ್ನಲು ಸರಿಯಾದ ಹೊತ್ತಿನಲ್ಲಿ ಯಾರೂ ಅಲ್ಲಿರಲಿಲ್ಲ. ನಿಮ್ಮ ಮುತ್ಯಾನ ಪೀಳಿಗೆಗೆ ಮತದ ಹಕ್ಕು ಕೈಗೆ ಬಂದದ್ದು 1952ರ ಚುನಾವಣೆಯಲ್ಲಿ. 1956ರಲ್ಲಿ ಸಂಸ್ಥಾನವನ್ನು ಮೂರು ರಾಜ್ಯಗಳಿಗೆ ಹಂಚಿದರು. ಮರಾಠವಾಡಕ್ಕೆ ಅಭಿವೃದ್ಧಿ ಮಂಡಳಿಯ ಅವಕಾಶ ಆ ವರ್ಷವೇ 371ನೇ ವಿಧಿಯಲ್ಲಿ ಸೇರಿತು. ತೆಲಂಗಾಣವಿದ್ದ ಆಂಧ್ರಪ್ರದೇಶಕ್ಕೆ 1973ರಲ್ಲಿ ಶಿಕ್ಷಣ, ನೌಕರಿಯಲ್ಲಿ ಸ್ಥಳೀಯರಿಗೆ ಅವಕಾಶ ಕೊಡುವ 371ಡಿ ಬಂತು. ನಮಗೆ ಈ ಭಾಗದ ಹೋರಾಟಗಾರ ವೈಜನಾಥ ಪಾಟೀಲರ ವರ್ಷಾನುಗಟ್ಟಲೆ ಹೋರಾಟ ಬೇಕಾಯಿತು, ದಿಲ್ಲಿಯಲ್ಲಿ ಧರ್ಮಸಿಂಗ್, ಮಲ್ಲಿಕಾರ್ಜುನ ಖರ್ಗೆಯವರ ಒತ್ತಾಯ ಬೇಕಾಯಿತು. 2012ರಲ್ಲಿ ಸಂಸತ್ತು 98ನೇ ತಿದ್ದುಪಡಿಗೆ ಒಪ್ಪಿದ ಮೇಲಷ್ಟೇ ನಮ್ಮ ಭಾಗದವರಿಗೆ ಸೀಟು, ನೌಕರಿಯಲ್ಲಿ ಮೀಸಲಾತಿ ಕೊಡುವ 371ಜೆ ಸಿಕ್ಕಿತು.

ನೀವು ಸೀಟಿಗಾಗಿ ಸರಕಾರಿ ಕಚೇರಿಯಲ್ಲಿ ಸಾಲು ನಿಂತು 371ಜೆ ಸರ್ಟಿಫಿಕೇಟ್ ತಂದಿದ್ದರೆ, ಆ ಕಾಗದದ ಹಿಂದೆ ಇರುವುದು ಇದೇ ವಾದ. 1949ರಲ್ಲಿ ನಡೆಯಬೇಕಿದ್ದದ್ದು 60ಕ್ಕೂ ಹೆಚ್ಚು ವರ್ಷ ತಡವಾಗಿ ನಡೆಯಿತು.