ಬಿ.ಎಸ್ಸಿ. ಭೌತಶಾಸ್ತ್ರ ಓದಿದವರಿಗೆ ಸೋಲಾರ್‌ನಲ್ಲಿ ಕೆಲಸ ಎಲ್ಲಿದೆ?

ಪ್ರಶ್ನೆ: ಈ ವರ್ಷ ಮಂಡ್ಯದಲ್ಲಿ ಬಿ.ಎಸ್ಸಿ. (ಭೌತಶಾಸ್ತ್ರ, ಗಣಿತ) ಮುಗಿಸಿದೆ. ಸೋಲಾರ್ ಕ್ಷೇತ್ರಕ್ಕೆ ಹೋಗುವ ಆಸೆ. ಅರ್ಜಿ ಹಾಕಿದ ಕಡೆಯೆಲ್ಲ ‘ಬಿ.ಇ. ಎಲೆಕ್ಟ್ರಿಕಲ್ ಆಗಿದೆಯಾ?’ ಅಂತಾರೆ. ಎಂ.ಎಸ್ಸಿ.ಗೆ ಸೇರಲೋ, 40 ಸಾವಿರ ಕಟ್ಟಿ ಮೂರು ತಿಂಗಳ ಸೋಲಾರ್ ಕೋರ್ಸ್ ಮಾಡಲೋ?
– ಓದುಗ, ಮದ್ದೂರು

ಉತ್ತರ: ಆ ದುಡ್ಡು ಸದ್ಯಕ್ಕೆ ಕೈಯಲ್ಲೇ ಇರಲಿ. ಸೆಸ್ಕ್‌ನಂಥ ವಿದ್ಯುತ್ ವಿತರಣಾ ನಿಗಮಗಳಲ್ಲಿ ಸಹಾಯಕ ಇಂಜಿನಿಯರ್ ಆಗಲು ಬಿ.ಇ., ಕಿರಿಯ ಇಂಜಿನಿಯರ್ ಆಗಲು ಡಿಪ್ಲೊಮಾ ಬೇಕೇ ಬೇಕು. ಮೂರು ತಿಂಗಳ ಸರ್ಟಿಫಿಕೇಟು ಅದನ್ನು ತುಂಬಿಕೊಡುವುದಿಲ್ಲ. ಆ ಸಾಲು ಬಿಡಿ. ನಿಮ್ಮ ಜಾಗ ಅಳತೆ, ಲೆಕ್ಕ, ವಿನ್ಯಾಸದ ಕಡೆಗಿದೆ.

ಎಲ್ಲಿ ಎಡವುತ್ತಾರೆ ನೋಡಿ. 550 ವ್ಯಾಟ್‌ನ ಪ್ಯಾನೆಲ್ ಒಂದರ ಓಪನ್ ಸರ್ಕಿಟ್ ವೋಲ್ಟೇಜ್ (ಅಂದರೆ ಕರೆಂಟು ಹರಿಯದೆ ಇರುವಾಗಿನ ವೋಲ್ಟೇಜ್) 49.5 ಎಂದಿಟ್ಟುಕೊಳ್ಳಿ. 12 ಪ್ಯಾನೆಲ್ ಸರಣಿಯಲ್ಲಿ ಜೋಡಿಸಿದರೆ 594 ವೋಲ್ಟ್. ಇನ್ವರ್ಟರ್ ತಾಳುವುದು 600. ‘ಸರಿಹೋಯ್ತು’ ಅಂತ ಹಾಕಿಬಿಡುತ್ತಾರೆ. ಆದರೆ ಆ 49.5 ಇರುವುದು 25 ಡಿಗ್ರಿಯಲ್ಲಿ ಮಾತ್ರ. ಸಿಲಿಕಾನ್ ತಣ್ಣಗಾದಂತೆ ವೋಲ್ಟೇಜ್ ಏರುತ್ತದೆ, ಡಿಗ್ರಿಗೆ ಸುಮಾರು ಶೇ 0.27ರಂತೆ. ಜನವರಿಯಲ್ಲಿ 15 ಡಿಗ್ರಿಯ ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಸುಮಾರು 610 ವೋಲ್ಟ್! ಇನ್ವರ್ಟರ್ ಟ್ರಿಪ್ ಆದರೆ ಅದೃಷ್ಟ, ಸುಟ್ಟರೆ ವಾರಂಟಿಗೂ ಕುತ್ತು. 11 ಪ್ಯಾನೆಲ್ ಹಾಕಿದ್ದರೆ ಸಾಕಿತ್ತು. ಬೇಸಿಗೆಯಲ್ಲಿ ಇದೇ ತಿರುಗುಮುರುಗು: ಸೆಲ್ 65 ಡಿಗ್ರಿಗೆ ಕಾದರೆ, ಡಿಗ್ರಿಗೆ ಶೇ 0.35ರಂತೆ ಉತ್ಪಾದನೆ ಶೇ 14ರಷ್ಟು ಇಳಿಯುತ್ತದೆ. ಇದೆಲ್ಲ ಡಾಟಾಶೀಟಿನಲ್ಲೇ ಇರುತ್ತದೆ, ಓದುವವರು ಕಮ್ಮಿ. ಬ್ಯಾಂಡ್ ಗ್ಯಾಪ್ ಓದಿದ ನಿಮಗೆ ಕಾರಣವೂ ಗೊತ್ತು.

ಹಾಗಾದರೆ ಶುರು ಎಲ್ಲಿಂದ? ನಿಮ್ಮ ಮನೆಯ ತಾರಸಿಯಿಂದ. ಸ್ಯಾಮ್ (ಸಿಸ್ಟಂ ಅಡ್ವೈಸರ್ ಮಾಡೆಲ್) ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ 3 ಕಿಲೋವ್ಯಾಟ್‌ನ ವಿನ್ಯಾಸ ಮಾಡಿ. ಕಿಲೋವ್ಯಾಟಿಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ, ದಕ್ಷಿಣಕ್ಕೆ ಮುಖ, ನಮ್ಮ ಅಕ್ಷಾಂಶಕ್ಕೆ 12 ಡಿಗ್ರಿ ಆಸುಪಾಸಿನ ಓರೆ. ದಿನಕ್ಕೆ ಕಿಲೋವ್ಯಾಟಿಗೆ ಸರಾಸರಿ 4 ಯೂನಿಟ್ ಬರಬೇಕು. ಬಾರದಿದ್ದರೆ ಪಕ್ಕದ ತೆಂಗಿನಮರದ ನೆರಳನ್ನು ಗಂಟೆಗಂಟೆಗೂ ಗುರುತು ಹಾಕಿಕೊಳ್ಳಿ. ಸರಣಿಯಲ್ಲಿ ಒಂದು ಪ್ಯಾನೆಲ್ಲಿಗೆ ನೆರಳು ಬಿದ್ದರೂ ಇಡೀ ಸಾಲು ಸೊರಗುವುದುಂಟು. ಪಿಎಂ ಸೂರ್ಯಘರ್ ಯೋಜನೆಯ 78 ಸಾವಿರ ರೂಪಾಯಿ ಸಹಾಯಧನ ಕಳೆದು ಖರ್ಚಿನ ಲೆಕ್ಕವನ್ನೂ ಸೇರಿಸಿ. ಇಂಥ ಎರಡು ಮೂರು ವರದಿ ಕೈಯಲ್ಲಿ ಹಿಡಿದು ಮೈಸೂರಿನ ಸೋಲಾರ್ ಗುತ್ತಿಗೆದಾರರ ಬಳಿ ಹೋಗಿ, ಸೈಟ್ ಸರ್ವೆ ಅಥವಾ ವಿನ್ಯಾಸದ ಸಹಾಯಕನ ಕೆಲಸ ಕೇಳಿ. ಇಂಜಿನಿಯರ್ ಹುದ್ದೆ ಕೇಳಬೇಡಿ.

ಸೈಟ್ ಕೆಲಸಕ್ಕೆ ಕ್ಲ್ಯಾಂಪ್ ಮೀಟರ್ (ತಂತಿಯ ಸುತ್ತ ಹಿಡಿದು ಕರೆಂಟು ಅಳೆಯುವ ಉಪಕರಣ) ಕೊಳ್ಳುವಾಗ ಹುಷಾರು. ಅಗ್ಗದ್ದು ಟ್ರಾನ್ಸ್‌ಫಾರ್ಮರ್ ತತ್ವದ್ದು, ಪ್ಯಾನೆಲಿನ ಡಿಸಿ ಕರೆಂಟಿಗೆ ಸೊನ್ನೆ ತೋರಿಸುತ್ತದೆ. ಆ ಸೊನ್ನೆ ನಂಬಿ ಕನೆಕ್ಟರ್ ಎಳೆದರೆ ಕಿಡಿ ಹೊತ್ತಿಕೊಳ್ಳುತ್ತದೆ. ಎಸಿಯಂತೆ ಡಿಸಿ ಕ್ಷಣಕ್ಷಣಕ್ಕೂ ಸೊನ್ನೆಗೆ ಇಳಿಯದ ಕಾರಣ ಅದು ತಾನಾಗಿ ಆರುವುದೂ ಕಷ್ಟ. ಹಾಲ್ ಪರಿಣಾಮದ, ಡಿಸಿ ಅಳೆಯುವ ಮೀಟರನ್ನೇ ಕೇಳಿ ತನ್ನಿ.

ಎಂ.ಎಸ್ಸಿ. ವಿಚಾರಕ್ಕೆ ಬಂದರೆ, ಮಾಡಿ ಎನ್ನುತ್ತೇವೆ. ಇಂಧನ ದಕ್ಷತೆ ಬ್ಯೂರೊ ನಡೆಸುವ ಎನರ್ಜಿ ಆಡಿಟರ್ (ಇಂಧನ ಎಲ್ಲಿ ಪೋಲಾಗುತ್ತಿದೆ ಎಂದು ಲೆಕ್ಕ ಹಾಕುವವರು) ಪರೀಕ್ಷೆಗೆ ಬರೀ ಬಿ.ಎಸ್ಸಿ. ಸಾಲದು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಇಂಧನ ಬಳಕೆಗೆ ಸಂಬಂಧಿಸಿದ ಕೆಲಸದಲ್ಲಿ 3 ವರ್ಷ ಅನುಭವವಿದ್ದರೆ ಕೂರಬಹುದು. ಒಟ್ಟು ನಾಲ್ಕು ಪತ್ರಿಕೆ. ಮಾನಸಗಂಗೋತ್ರಿಯಾದರೂ ಸರಿ, ಎಂ.ಎಸ್ಸಿ. ಪ್ರವೇಶ ಪರೀಕ್ಷೆಯಾದ ಜಾಮ್ ಬರೆದು ಐಐಟಿಯಾದರೂ ಸರಿ, ಘನಸ್ಥಿತಿ ಭೌತಶಾಸ್ತ್ರಕ್ಕೆ ಹೆಚ್ಚು ಗಮನ ಕೊಡಿ. ಮುಂದೆ ಗೇಟ್ ಬರೆದು ಇಂಧನ ವಿಷಯದ ಎಂ.ಟೆಕ್.ಗೂ ಹೋಗಬಹುದು.

ಇನ್ನೊಂದು. ಅನುಭವಕ್ಕೆ ಸೋಲಾರೇ ಆಗಬೇಕಿಲ್ಲ. ನಿಮ್ಮ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಉರಿಸಿ ಕರೆಂಟು ತೆಗೆಯುವ ಘಟಕಗಳಿವೆ. ಆ ಸಿಪ್ಪೆಯ ತೂಕದಲ್ಲಿ ಸುಮಾರು ಅರ್ಧ ನೀರೇ, ಹಾಗಾಗಿ ಬಾಯ್ಲರಿನ ಶಾಖ ಎಲ್ಲಿ ಸೋರುತ್ತಿದೆ ಎಂದು ಲೆಕ್ಕ ಹಾಕುವವರಿಗೆ ಅಲ್ಲಿ ಕೆಲಸವಿದೆ. ಕಬ್ಬು ಅರೆಯುವ ಹಂಗಾಮು ಶುರುವಾಗುವ ಮುಂಚೆಯೇ ಹೋಗಿ ವಿಚಾರಿಸಿ. ಶುರುವಾದ ಮೇಲೆ ನಿಮ್ಮ ಜೊತೆ ಮಾತಾಡಲು ಅಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ.